ಕೇಳುಮನೆಯ ಬಾಗಿಲು ತೆರೆಯದಿದ್ದಾಗ

"ನನ್ನ ಅಪ್ಪನ ದನಿ ನಿಮ್ಮ ಹತ್ರ ಇದೆ. ಕೊಟ್ಬಿಡಿ!"

ಗಾಜಿನ ಬಾಗಿಲನ್ನು ತಳ್ಳಿಕೊಂಡು ಬಂದವಳು ಮೇಜಿನ ಮೇಲೆ ಎರಡೂ ಕೈ ಊರಿ ಹಾಗೆಂದಾಗ, ಆಚೆ ಬದಿ ಕುಳಿತಿದ್ದವನ ಬಾಯಲ್ಲಿ ಬ್ರೆಡ್ಡಿನ ತುಂಡಿತ್ತು. ನುಂಗಲೂ ಆಗದೆ, ಉಗುಳಲೂ ಆಗದೆ ಅವನು ಕಣ್ಣರಳಿಸಿದ.

"ಮೇಡಂ... ಇದು ವೆಬ್‌ಸೈಟ್‌ಗಳನ್ನ ನೋಡ್ಕೊಳ್ಳೋ ಆಫೀಸು. ಆಸ್ಪತ್ರೆ ಆಚೆ ರಸ್ತೇಲಿದೆ."

"ಗೊತ್ತು ರೀ! ನಾನೂ ವೆಬ್‌ಸೈಟ್ ವಿಷಯಾನೇ ಹೇಳ್ತಿರೋದು! ನನ್ನ ಸೈಟು ಇರೋದು ನಿಮ್ಮ ಯಂತ್ರದಲ್ಲೇ!"

ಅವಳು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. ಬಿಳಿ ಪರದೆಯ ನಡುವೆ ಒಂದೇ ಒಂದು ಸಾಲು. 'ಡೇಟಾಬೇಸ್ ಸಂಪರ್ಕ ಸಾಧ್ಯವಾಗುತ್ತಿಲ್ಲ.'

ಅವನು ಆ ಸಾಲನ್ನು ಓದಿದ. ಆಮೇಲೆ ಅವಳ ಮುಖವನ್ನು ನೋಡಿದ. ಪಕ್ಕದಲ್ಲಿದ್ದ ಕುರ್ಚಿಯನ್ನು ಅವಳತ್ತ ಎಳೆದ.

"ಕೂತ್ಕೊಳ್ಳಿ," ಎಂದ, ಈಗ ಬೇರೆಯೇ ದನಿಯಲ್ಲಿ. "ನೀರು ಕುಡೀರಿ. ದನಿ ಎಲ್ಲಿದೆ ಅಂತ ಹುಡುಕೋಣ."

ಮನೆಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಅವಳ ಅಪ್ಪ ಪದ್ಯ ಹೇಳುವವರು. ಬೆಳಗಿನ ಬೆಳಕು ಕಿಟಕಿಗೆ ಬರುವ ಮೊದಲೇ ಎದ್ದು, ಕಣ್ಣು ಮುಚ್ಚಿ, ದೇವರ ಮುಂದೆ ಕುಳಿತಂತೆ ಗೋಡೆಯ ಮುಂದೆ ಕುಳಿತು ಹೇಳುತ್ತಿದ್ದರು. ಆ ದನಿ ಕೇಳುತ್ತಲೇ ಚುಕ್ಕಿ ಹುಟ್ಟಿದ್ದು, ಮಾತು ಕಲಿತದ್ದು, ನಿದ್ದೆ ಹೋದದ್ದು.

ಆಮೇಲೆ ಗಂಟಲಿಗೆ ಕಾಯಿಲೆ ಬಂತು. ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು... ದನಿ ಉಳಿಯಲಿಲ್ಲ.

ಅದಕ್ಕೂ ಮೊದಲು, ನಡುಕೋಣೆಯ ಕಿಟಕಿಗಳಿಗೆಲ್ಲ ರಜಾಯಿ ಕಟ್ಟಿ, ಫ್ಯಾನ್ ಆರಿಸಿ, ಬೆವರುತ್ತಾ ಬೆವರುತ್ತಾ ಅಪ್ಪನ ಪದ್ಯಗಳನ್ನು ಅವಳು ಧ್ವನಿಮುದ್ರಿಸಿಕೊಂಡಿದ್ದಳು. ಅವನ್ನಿಡಲು ಒಂದು ವೆಬ್‌ಸೈಟ್ ಮಾಡಿದಳು. ಅದಕ್ಕೆ 'ಕೇಳುಮನೆ' ಎಂದು ಹೆಸರಿಟ್ಟಳು.

ಆದರೆ ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅವರದೇ ದನಿಯಲ್ಲ. ಕೇಳುಗರ ದನಿ! ಯಾರೋ ಒಬ್ಬ ಲಾರಿ ಡ್ರೈವರ್ ಒಂದು ಪದ್ಯ ಕಲಿತು, ತಾನೇ ಹೇಳಿ ಕಳಿಸಿದ. ಮರುದಿನ ಒಬ್ಬ ನರ್ಸ್. ಆಮೇಲೆ ಇನ್ನೂ 'ರ'ಕಾರ ಬಾರದ ಒಂದು ಮಗು. ದಿನವೂ ಬೆಳಗ್ಗೆ ಅಪ್ಪ ಕುರ್ಚಿಯಲ್ಲಿ ಕುಳಿತು, ಬೇರೆಯವರ ಕೊರಳಲ್ಲಿ ತಮ್ಮ ಪದ್ಯ ಕೇಳುತ್ತಾ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ಹೊತ್ತಿಗಾಗಿಯೇ ಅವರು ಎದ್ದು ಮುಖ ತೊಳೆಯುತ್ತಿದ್ದರು.

ಈಗ ಅದೆಲ್ಲ ಆ ಬಿಳಿ ಪರದೆಯ ಹಿಂದೆ ಎಲ್ಲೋ ಇತ್ತು. ಅಥವಾ... ಇರಲಿಲ್ಲ.

"ಸೈಟು ನಿಧಾನ ಆಗಿತ್ತು. ಹೊಸ ಆವೃತ್ತಿಗೆ ಏರಿಸೋಣ ಅಂತ ನಾನೇ ಕೂತೆ," ಎಂದಳು ಚುಕ್ಕಿ, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಅದು ಕೆಟ್ಟೋಯ್ತು."

"ಏನು ಮಾಡಿದ್ರಿ? ಒಂದೊಂದಾಗಿ ಹೇಳಿ."

"ನಾನೇನ್ ರೀ ಮಾಡಿದೆ? ಪರದೇಲಿ ಏನು ಹೇಳ್ತೋ ಅದನ್ನೇ ಮಾಡಿದೆ!"

"ಬೈತಿಲ್ಲ ಮೇಡಂ. ಕೇಳ್ತಿದ್ದೀನಿ ಅಷ್ಟೇ. ಬ್ಯಾಕಪ್ ಇದೆಯಾ?"

ಅವಳ ತಲೆ ತಗ್ಗಿತು. "ಇದೆ... ಅಪ್ಪನ ಆಪರೇಶನ್‌ಗೂ ಮುಂಚಿನದು."

ಅದರಲ್ಲಿ ಅಪ್ಪನ ಪದ್ಯಗಳಿದ್ದವು, ಆದರೆ ಈಗ ಅಪ್ಪನಿಗೆ ದನಿಯಾಗಿದ್ದ ಕೇಳುಗರ ಒಂದು ದನಿಯೂ ಇರಲಿಲ್ಲ. ಅವನು ಬ್ರೆಡ್ಡನ್ನು ಪಕ್ಕಕ್ಕಿಟ್ಟ.

"ನಿಮ್ಮ ಮನೆ ಕಂಪ್ಯೂಟರ್ ಒಂದ್ಸಲ ನೋಡ್ಬೇಕು. ನಾಳೆ ಬರ್ಲಾ?"

"ಬನ್ನಿ. ಆದ್ರೆ ಒಂದು ಮಾತು. ಅಪ್ಪಂಗೆ ಇದು ಗೊತ್ತಾಗ್ಬಾರ್ದು. ಕೇಬಲ್ ಕೆಲಸ ನಡೀತಿದೆ ಅಂದಿದ್ದೀನಿ. ನೀವು ಕೇಬಲ್‌ನವರು, ಸರಿನಾ?"

ಅವನು ಒಂದು ಚೀಟಿ ಎಳೆದುಕೊಂಡ. ಮನೆಯ ವಿಳಾಸ ಬರೆದುಕೊಂಡ.

ಮರುದಿನ ಅವನಿಗೆ ಬಾಗಿಲು ತೆರೆದವರು ಅಪ್ಪನ ತಂಗಿ, ಅಂದರೆ ಚುಕ್ಕಿಯ ಅತ್ತೆ. ಮನೆಯಲ್ಲಿ ಅಪ್ಪ ಆಡದೆ ಉಳಿದ ಮಾತನ್ನೆಲ್ಲ ಈಗ ಅತ್ತೆಯೇ ಆಡಿ ಮುಗಿಸುತ್ತಿದ್ದರು.

"ಏನಪ್ಪಾ, ಕೇಬಲ್‌ನವನು ಅಂತೀಯ... ಕೈಯಲ್ಲಿ ಒಂದು ತುಂಡು ವೈರೂ ಇಲ್ವಲ್ಲ!"

"ಅದು... ಒಳಗಡೆ ಕೆಲಸ, ಅಮ್ಮ."

"ಒಳಗಡೆ ಕೆಲಸಾನೋ, ಒಳಗೊಳಗೇ ಕೆಲಸಾನೋ! ಬಾ, ಚಪ್ಪಲಿ ಅಲ್ಲಿ ಬಿಡು. ಕಾಫಿಗೆ ಸಕ್ಕರೆ ಎಷ್ಟು?"

ಅಂದಿನಿಂದ ಅವನ ಹೆಸರು ಕೇಬಲಪ್ಪ ಎಂದಾಯಿತು.

ಕೇಬಲಪ್ಪ ಮೊದಲ ದಿನ ಏನನ್ನೂ ರಿಪೇರಿ ಮಾಡಲಿಲ್ಲ. ಚೀಲದಿಂದ ಅಂಗೈಯಗಲದ ಒಂದು ಡಿಸ್ಕ್ ತೆಗೆದು ಜೋಡಿಸಿದ. ಆದರೆ ಏನನ್ನೂ ಮುಟ್ಟುವ ಮೊದಲು ಎದ್ದು ಹೋಗಿ ಅಪ್ಪನ ಪಕ್ಕ ಕುಳಿತ.

ಅಡುಗೆಮನೆಯ ಬಾಗಿಲಲ್ಲಿ ನಿಂತ ಚುಕ್ಕಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮನೆಗೆ ಬಂದವರೆಲ್ಲ ಅಪ್ಪನ ಹತ್ತಿರ ಕೂಗಿ ಮಾತಾಡುತ್ತಿದ್ದರು, ದನಿ ಹೋದವರಿಗೆ ಕಿವಿಯೂ ಹೋಗಿದೆಯೇನೋ ಎಂಬಂತೆ. ಅಪ್ಪ ಪ್ರತಿಸಲವೂ ಒಮ್ಮೆ ಕಣ್ಣು ಮುಚ್ಚಿ ಸಹಿಸಿಕೊಳ್ಳುತ್ತಿದ್ದರು. ಇವನು ಮಾತ್ರ ಮೆಲ್ಲಗೆ ಮಾತಾಡಿದ. ಅಪ್ಪ ಮೊಬೈಲ್‌ನಲ್ಲಿ ನಿಧಾನವಾಗಿ ಟೈಪ್ ಮಾಡಿ ಮುಗಿಸುವವರೆಗೆ ಕಾದ. ಪರದೆಯನ್ನು ಇಣುಕಿ ನೋಡಲಿಲ್ಲ. ಅವರಾಗಿ ತಿರುಗಿಸಿ ತೋರಿಸಿದ ಮೇಲಷ್ಟೇ ಓದಿದ.

ಅವಳು ಬಾಗಿಲಲ್ಲೇ ನಿಂತು ನೋಡುತ್ತಲೇ ಇದ್ದಳು. 'ಛೆ! ಸೈಟು ರಿಪೇರಿ ಮಾಡೋಕೆ ಬಂದವರು... ನೀನು ಏನು ನೋಡ್ತಿದ್ದೀಯೇ ಹುಚ್ಚಿ?'

ಅವನು ಮರುದಿನ ಬಂದ. ಅದರ ಮರುದಿನವೂ. ಊಟಕ್ಕೆ ಮುಂಚೆ ಬಂದು ಸಂಜೆಯ ಬಿಸಿಲು ಇಳಿಯುವಾಗ ಹೋಗುತ್ತಿದ್ದ. ಅತ್ತೆ ಅವನ ತಟ್ಟೆಯನ್ನು ಕೇಳದೆಯೇ ಹಾಕತೊಡಗಿದರು.

"ಏನು ಕೇಬಲಪ್ಪ, ನಮ್ಮ ಕೇಬಲ್ಲು ಇನ್ನೂ ಎಷ್ಟು ಉದ್ದ ಇದೆಯಪ್ಪಾ?"

"ಸಿಕ್ಕು ಜಾಸ್ತಿ ಇದೆ ಅಮ್ಮ. ನಿಧಾನಕ್ಕೆ ಬಿಡಿಸ್ತಿದ್ದೀನಿ."

ಚುಕ್ಕಿ ನಗು ತಡೆಯಲು ಸೆರಗು ಕಚ್ಚಿದಳು. ಅವನು ಅದನ್ನು ನೋಡಿದ. ನೋಡಿಯೂ ನೋಡದವನಂತೆ ಅನ್ನ ಕಲಸಿದ.

ಒಂದು ಮಧ್ಯಾಹ್ನ ಅವನು ಒಳಗಿನಿಂದ ಕೂಗಿದ. "ಬನ್ನಿ ಇಲ್ಲಿ... ಬೇಗ!"

ಅವಳು ಒದ್ದೆ ಕೈಯಲ್ಲೇ ಓಡಿದಳು. ಬಿಳಿ ಪರದೆಯ ಆ ಸಾಲು ಹೋಗಿತ್ತು! ಕೇಳುಮನೆಯ ನೀಲಿ ಹಣೆಪಟ್ಟಿ, ಅದರ ಅಂಚಿನ ಪುಟ್ಟ ದೀಪದ ಚಿತ್ರ... ಎಲ್ಲ ಮೂಡುತ್ತಿತ್ತು.

"ಡೇಟಾಬೇಸ್ ಅಂದ್ರೆ ದನಿಗಳನ್ನೆಲ್ಲ ಇಡೋ ಉಗ್ರಾಣ, ಅದರೊಳಗೆ ಹೋಗೋ ಅನುಮತಿನೇ ಸೈಟಿಗೆ ತಪ್ಪಿತ್ತು. ಕೊಟ್ಟೆ. ಸಂಪರ್ಕ ಬಂತು!"

ಅವಳು ತನಗೇ ತಿಳಿಯದೆ ಅವನ ತೋಳು ಹಿಡಿದಿದ್ದಳು. ಅವನು ಉಸಿರು ಬಿಗಿಹಿಡಿದು ಕುಳಿತ.

ಆಗ ಪುಟ ಪೂರ್ತಿ ತೆರೆಯಿತು. ಹಣೆಪಟ್ಟಿಯ ಕೆಳಗೆ ಒಂದು ಸಾಲು.

'ಇಲ್ಲಿ ಇನ್ನೂ ಯಾವ ದನಿಯೂ ಇಲ್ಲ.'

ಅವಳ ಕೈ ಜಾರಿತು.

"ಇಲ್ಲ ಅಂದ್ರೆ...? ಎಲ್ಲಿ ಹೋಯ್ತು?"

"ಗೊತ್ತಾಗ್ತಿಲ್ಲ," ಎಂದ ಅವನು. ಇನ್ನೊಮ್ಮೆ ಕೀಲಿಗಳನ್ನು ಒತ್ತಿ ನೋಡಿದ. "ಬಾಗಿಲು ತೆಗೀತು. ಮನೆ ಖಾಲಿ ಇದೆ. ನೀವು ಆವೃತ್ತಿ ಏರಿಸೋಕೆ ಮುಂಚಿನ ಹಳೇ ಡೇಟಾಬೇಸ್ ಕೂಡ ನೋಡಿದ್ದೀನಿ, ಅದೂ ಖಾಲಿ. ಹೀಗಾಗ್ಬಾರ್ದು..."

ಅವಳ ನೋಟ ಅವನ ಚೀಲದ ಮೇಲೆ ಬಿತ್ತು. ಅರ್ಧ ತೆರೆದ ಚೀಲದಲ್ಲಿ ಆ ಡಿಸ್ಕ್. ಅದರ ಮೇಲೊಂದು ಚೀಟಿ ಅಂಟಿಸಿತ್ತು, 'ಕೇಳುಮನೆ, ಪೂರ್ತಿ' ಎಂದು.

ಹಿಂದೆ ಒಂದು ಕಂಪನಿಯವರು ಬಂದಿದ್ದರು. ಅಪ್ಪನ ದನಿಯನ್ನೂ ಕೇಳುಗರ ದನಿಯನ್ನೂ ತಮ್ಮ ಆ್ಯಪ್‌ಗೆ ಕೊಡಿ ಎಂದು ಕಾಡಿದ್ದರು. ಅಪ್ಪ ತಲೆಯಾಡಿಸಿ ಬೇಡವೆಂದಿದ್ದರು. ಅದೆಲ್ಲ ಒಂದೇ ಕ್ಷಣದಲ್ಲಿ ಅವಳ ತಲೆಯಲ್ಲಿ ಸುಳಿಯಿತು.

"ಇದೇನಿದು?"

"ನಕಲು. ಯಾವುದನ್ನಾದ್ರೂ ಮುಟ್ಟೋಕೆ ಮುಂಚೆ ಇದ್ದದ್ದನ್ನ ಇದ್ದ ಹಾಗೇ ನಕಲು ತೆಗೀತೀನಿ. ಅದು ನನ್ನ..."

"ನನ್ನನ್ನ ಕೇಳದೆ? ಪೂರ್ತಿ? ಇಲ್ಲಿ ಎಲ್ಲ ಖಾಲಿ, ನಿಮ್ಮ ಚೀಲದಲ್ಲಿ ಪೂರ್ತಿ!" ಅವಳ ದನಿ ಒಡೆಯಿತು. "ಯಾರು ಕಳಿಸಿದ್ರು ನಿಮ್ಮನ್ನ? ಆ ಆ್ಯಪ್‌ನವ್ರಾ?"

ಅವನು ಎದ್ದು ನಿಂತ. ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಜಗಳವಾಡಲಿ, ಕೂಗಲಿ, ಇಲ್ಲ ಎನ್ನಲಿ...

ಅವನು ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟ. ಅಪ್ಪನ ಕೋಣೆಯ ಕಡೆಗೊಮ್ಮೆ ನೋಡಿದ. ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಊಟದ ಹೊತ್ತಿಗೆ ಅತ್ತೆ ಒಂದು ತಟ್ಟೆ ಹೆಚ್ಚಿಗೆ ಹಾಕಿ, ಮತ್ತೆ ಎತ್ತಿಟ್ಟರು.

"ನೀನು ಅವನಿಗೆ ಏನಂದೆಯೇ?"

"ಏನೂ ಇಲ್ಲ ಅತ್ತೆ."

"ಏನೂ ಅನ್ನದೇ ಇದ್ರೆ ಕಣ್ಣು ಯಾಕೆ ಊದ್ಕೊಂಡಿದೆ? ಈರುಳ್ಳಿ ಹೆಚ್ಚಿದವಳು ನಾನು!"

ಅಪ್ಪ ಕುರ್ಚಿಯಲ್ಲಿದ್ದರು. ಬಾಗಿಲ ಕಡೆ ನೋಡಿದರು. ಮೊಬೈಲ್ ಎತ್ತಿ ಒಂದೊಂದೇ ಅಕ್ಷರ ಒತ್ತಿ ಅವಳಿಗೆ ತಿರುಗಿಸಿದರು.

'ಹುಡುಗ ಬರಲಿಲ್ಲ?'

"ಕೇಬಲ್ ಕೆಲಸ ಮುಗೀತು ಅಪ್ಪಾ..." ಎಂದಳು, ಮುಖ ಬೇರೆಡೆ ತಿರುಗಿಸಿ.

ಅಪ್ಪ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮತ್ತೆ ಟೈಪ್ ಮಾಡಿದರು. ಬಹಳ ಹೊತ್ತು ಹಿಡಿಯಿತು.

'ಕೇಳುಮನೆ ಮುಚ್ಚಿದೆ ಅಂತ ನನಗೆ ಮೊದಲ ದಿನವೇ ಗೊತ್ತು. ನೀವು ಕೇಬಲ್‌ನವರಾ ಅಂತ ಕೇಳಿದೆ. ಅವನಿಗೆ ಸುಳ್ಳು ಹೇಳಲು ಬರಲಿಲ್ಲ. ನಕಲು ತೆಗೀಲಾ ಅಂತ ನನ್ನನ್ನು ಕೇಳಿದ. ದನಿ ನಿಮ್ಮದು, ನೀವು ಹೂಂ ಅನ್ನಬೇಕು ಅಂದ. ನಾನು ಹೂಂ ಅಂದೆ. ಮಗಳು ತಾನಾಗಿ ಹೇಳುವವರೆಗೆ ಗೊತ್ತಿಲ್ಲದ ಹಾಗೆ ಇರೋಣ ಅಂತ ನಾನೇ ಅವನಿಗೆ ಹೇಳಿದೆ.'

ಅಕ್ಷರಗಳು ಕಲಸಿಹೋದವು. ಅವಳು ಕಣ್ಣೊರೆಸಿಕೊಂಡು ಮತ್ತೆ ಓದಿದಳು.

'ದೇವರೇ... ಎಂಥಾ ಮಾತಾಡಿಬಿಟ್ಟೆ ನಾನು!'

"ಗೊತ್ತಿದ್ದೂ... ನಿಮಗೆ ಸಂಕಟ ಆಗ್ಲಿಲ್ವಾ ಅಪ್ಪಾ?"

ಅಪ್ಪ ಮೇಲೆ ನೋಡಿ ಕೈ ಮುಗಿದರು. ಆಮೇಲೆ ಮೊಬೈಲ್‌ನಲ್ಲಿ ಎಂದೋ ಬರೆದಿಟ್ಟುಕೊಂಡಿದ್ದ ಎರಡು ಸಾಲನ್ನು ತೆರೆದು ತೋರಿಸಿದರು.

'ಕೊಟ್ಟವನು ನೀನು ಕೊರಳ, ಕೊಂಡವನು ನೀನು
ಇಟ್ಟ ಮೌನದಲಿ ಕುಳಿತು ಕೇಳುವೆನು ನಾನು'

ಅವಳು ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಪ್ಪ ಬೆನ್ನು ತಟ್ಟಿದರು. ಅಳು ಇಳಿದ ಮೇಲೆ, 'ಈಗ ಹೇಳು, ಎಲ್ಲ,' ಎಂದು ಬರೆದರು.

ಅವಳು ಹೇಳಿದಳು. ಮೊದಲ ಸಲ, ಒಂದನ್ನೂ ಬಿಡದೆ. ಹೊಸ ಆವೃತ್ತಿಗೆ ಏರಿಸಲು ಕುಳಿತದ್ದು, ಕೆಲಸ ಎಷ್ಟಾಯಿತೆಂದು ಪರದೆಯಲ್ಲಿ ತೋರಿಸುವ ಪಟ್ಟಿ ಅರ್ಧದವರೆಗೆ ಹಸಿರಾದದ್ದು, ಕರೆಂಟ್ ಹೋದದ್ದು.

"ಕರೆಂಟ್ ಬಂದ ಮೇಲೆ ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಅದು ಕೊನೇವರೆಗೂ ಹೋಯ್ತು, ಆದ್ರೆ ಸೈಟು..."

ಅಪ್ಪನ ಬೆರಳು ಮೇಲೆದ್ದಿತು. 'ನಿಲ್ಲು' ಎಂಬಂತೆ. ಇಡೀ ಜೀವನ ದನಿಯ ಏರಿಳಿತ ಕೇಳಿದ ಕಿವಿ ಅದು. ಅವರು ಬರೆದರು.

'ಮೊದಲಿಂದ ಶುರು ಮಾಡಿದ್ದನ್ನು ಅವನಿಗೆ ಹೇಳಿದೆಯಾ?'

"ಅದನ್ನೇನು ಹೇಳೋದು ಅಪ್ಪಾ? ಅರ್ಧಕ್ಕೆ ನಿಂತ್ರೆ ಮೊದಲಿಂದ ತಾನೇ..."

ಹೇಳುತ್ತಾ ಹೇಳುತ್ತಾ ಅವಳ ಮಾತು ನಿಂತಿತು.

ಈ ಮನೆಯಲ್ಲಿ ಪದ್ಯ ನಡುವೆ ಕಡಿದರೆ, ಒಂದು ಕೆಮ್ಮು ಬಂದರೂ ಸರಿ, ಕಡಿದಲ್ಲಿಂದ ಮುಂದುವರಿಸುವಂತಿರಲಿಲ್ಲ. ಮತ್ತೆ ಮೊದಲ ಪದದಿಂದಲೇ ಹೇಳಬೇಕು. ಮಾತು ಬಂದಾಗಿನಿಂದ ಹಾಗೆಯೇ ಬೆಳೆದವಳಿಗೆ ಅದೊಂದು ಕೆಲಸವೆಂದೇ ಅನ್ನಿಸಿರಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಅವಳು ಎದ್ದು ಚಪ್ಪಲಿ ಹುಡುಕಿದಳು.

"ಎಲ್ಲಿಗೇ? ಊಟ?" ಅತ್ತೆ ಸೌಟು ಹಿಡಿದೇ ಹೊರಬಂದರು.

"ಆಮೇಲೆ ಅತ್ತೆ!"

"ಕೇಬಲಪ್ಪನ ಹತ್ರ ತಾನೇ? ಹೋಗು ಹೋಗು. ಬರೋವಾಗ ಕರ್ಕೊಂಡೇ ಬಾ, ತಟ್ಟೆ ತೊಳೆದಿಟ್ಟಿದ್ದೀನಿ!"

ಗಾಜಿನ ಬಾಗಿಲ ಹಿಂದೆ ಅವನು ಅದೇ ಕುರ್ಚಿಯಲ್ಲಿದ್ದ. ಅವಳನ್ನು ಕಂಡು ಎದ್ದುನಿಂತ.

"ಎರಡು ಸಲ ಮಾಡಿದೆ," ಎಂದಳು ಏದುಸಿರಿನಲ್ಲಿ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ನಡುವೆ ಕರೆಂಟ್ ಹೋಯ್ತು. ಅರ್ಧ ಆಗಿತ್ತು. ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಹೇಳ್ಬೇಕು ಅಂತ ಹೊಳೀಲೇ ಇಲ್ಲ. ನಮ್ಮನೇಲಿ... ಪದ್ಯ ಹಾಗೇ ಹೇಳೋದು."

ಅವನು ಧಡಕ್ಕನೆ ಕುಳಿತು ಕೀಲಿಮಣೆ ಎಳೆದುಕೊಂಡ. ಮುನಿಸು, ನೋವು ಎಲ್ಲ ಎಲ್ಲೋ ಹೋಗಿ, ಮುಖದಲ್ಲಿ ಮಗುವಿನ ಆತುರ.

"ಎರಡು ಸಲ! ಹಾಗಾದ್ರೆ ಹೊಸ ಮನೆನೂ ಎರಡು!"

"ಅಂದ್ರೆ?"

"ಮೊದಲನೇ ಸಲ ಅದು ಹೊಸ ಡೇಟಾಬೇಸ್ ಮಾಡಿ, ಸಾಮಾನೆಲ್ಲ ಅಲ್ಲಿಗೆ ಸಾಗಿಸಿದೆ. ವಿಳಾಸ ಬರೆಯೋ ಮುಂಚೆ ಕರೆಂಟ್ ಹೋಗಿದೆ. ಎರಡನೇ ಸಲ ಇನ್ನೊಂದು ಮಾಡಿದೆ. ಸಾಗಿಸೋಕೆ ಹಳೇ ಮನೇಲಿ ಏನೂ ಉಳಿದಿರ್ಲಿಲ್ಲ. ಸೈಟಿಗೆ ಸಿಕ್ಕಿದ್ದು ಆ ಖಾಲಿ ಮನೆ ವಿಳಾಸ! ಹಳೇದು ನೋಡಿದೆ, ಕೊನೇದು ನೋಡಿದೆ, ಡಿಸ್ಕಿನ ನಕಲಲ್ಲೂ ಆ ಎರಡೇ... ನಡುವೆ ಒಂದು ಇರತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಆಫೀಸಿನ ಆ ಯಂತ್ರದಲ್ಲಿ ನೂರಾರು ಜನರ ಡೇಟಾಬೇಸ್‌ಗಳಿದ್ದವು. ಅರ್ಥವಿಲ್ಲದ ಅಕ್ಷರಗಳ ಹೆಸರಿನ ಸಾಲು ಸಾಲು. ಅವನು ಅವಳು ಆವೃತ್ತಿ ಏರಿಸಲು ಕುಳಿತ ದಿನಾಂಕಕ್ಕೆ ಬಂದು ನಿಂತ. ಒಂದನ್ನು ತೆರೆದ.

ಅವಳು ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

"ನೋಡಿ," ಎಂದ ಮೆಲ್ಲಗೆ.

ಅವಳು ನೋಡಲಿಲ್ಲ. ಕೇಳಿದಳು. ಪುಟ್ಟ ಸ್ಪೀಕರಿನಿಂದ 'ರ'ಕಾರ ಬಾರದ ಆ ಮಗು, ಉಸಿರು ಕಟ್ಟಿಕೊಂಡು, ಪದ್ಯದ ಮೊದಲ ಸಾಲು ಹೇಳುತ್ತಿತ್ತು!

ಆಮೇಲೆ ನರ್ಸ್. ಆಮೇಲೆ ಹಿಂದೆ ಇಂಜಿನ್ ಸದ್ದಿನೊಂದಿಗೆ ಲಾರಿ ಡ್ರೈವರ್. ಎಲ್ಲರೂ ಇದ್ದರು. ಎಲ್ಲರೂ!

ಚುಕ್ಕಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಅತ್ತಳು. ಅವನು ಟಿಶ್ಯೂ ಹುಡುಕಿದ, ಸಿಗಲಿಲ್ಲ. ಕೊನೆಗೆ ಬ್ರೆಡ್ ಸುತ್ತಿದ್ದ ಕಾಗದ ಕೊಟ್ಟ. ಅವಳು ಅದರಲ್ಲೇ ಕಣ್ಣೊರೆಸಿಕೊಂಡಳು.

"ಸೈಟಿಗೆ ವಿಳಾಸ ಕೊಡೋಕೆ ಮುಂಚೆ ಒಂದು ನಕಲು..." ಅವನು ತಡೆದ. "ತೆಗೀಲಾ?"

ಅವಳು ಕಣ್ಣೊರೆಸಿದ ಕಾಗದವನ್ನು ಮಡಿಸಿಟ್ಟಳು.

"ತೆಗೀರಿ," ಎಂದಳು. "ನಿನ್ನೆ ನಾನು ಆಡಿದ ಮಾತು... ಅದನ್ನ ಹಿಂದಕ್ಕೆ ತಗೊಳ್ಳೋಕೆ ಆಗಲ್ಲ. ತಪ್ಪಾಯ್ತು. ಅಪ್ಪ ಎಲ್ಲ ಹೇಳಿದ್ರು. ನೀವು ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ. ಅಲ್ಲದೆ..." ಅವನು ಪರದೆಯನ್ನೇ ನೋಡುತ್ತಾ ಹೇಳಿದ. "ನೀವು ಹಾಗಂದ್ಕೊಂಡ್ರಲ್ಲ ಅಂತ ತುಂಬಾ ನೋವಾಯ್ತು."

ನಕಲು ಮುಗಿಯಿತು. ಅವನು ಸರಿಯಾದ ವಿಳಾಸ ಬರೆದು ಅನುಮತಿ ಕೊಟ್ಟ. ಕೇಳುಮನೆ ತೆರೆಯಿತು. ಚುಕ್ಕಿ ಮನೆಗೆ ಫೋನ್ ಹಚ್ಚಿದಳು.

"ಅತ್ತೆ, ಅಪ್ಪಂಗೆ ಹೇಳಿ..."

"ಹೇಳೋದೇನು, ಇಲ್ಲಿ ಆಗಲೇ ಲಾರಿಯವನು ಶುರು ಮಾಡಿದ್ದಾನೆ! ಅಣ್ಣ ಕುರ್ಚೀಲಿ ಕೂತು ತಾಳ ಹಾಕ್ತಿದ್ದಾನೆ ಕಣೇ..." ತಾವೂ ಕೇಳಬೇಕೆಂದು ಅತ್ತೆ ಫೋನ್ ಇಟ್ಟುಬಿಟ್ಟರು.

ಕೋಣೆಯಲ್ಲಿ ಯಂತ್ರಗಳ ಗುಂಯ್ ಸದ್ದು ಮಾತ್ರ ಉಳಿಯಿತು. ಚುಕ್ಕಿ ಸುತ್ತ ನೋಡಿದಳು. ಈ ಕುರ್ಚಿ, ಈ ಪರದೆ, ಈ ಕೀಲಿಮಣೆ... ಈಗ ಆದದ್ದೆಲ್ಲ ಇಲ್ಲಿ ಕುಳಿತೇ ಆಯಿತಲ್ಲ?

"ಒಂದು ಕೇಳ್ಲಾ?"

"ಕೇಳಿ."

"ಈ ಕೆಲಸಕ್ಕೆ ನಮ್ಮನೆಗೆ ಬರ್ಲೇಬೇಕಿತ್ತಾ?"

ಅವನ ಕಿವಿ ಕೆಂಪಾಯಿತು. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಅಲ್ಲಿಂದಿಲ್ಲಿಗಿಟ್ಟ.

"ಮೊದಲನೇ ದಿನ ಬೇಕಿತ್ತು."

"ಮಿಕ್ಕ ದಿನ?"

"...ಬೇಕಿರ್ಲಿಲ್ಲ."

"ಮತ್ತೆ?"

"ನಾನು ದಿನವಿಡೀ ಈ ಸದ್ದಲ್ಲಿ ಕೂರೋನು," ಎಂದ, ಯಂತ್ರಗಳ ಕಡೆ ಕೈ ತೋರಿಸಿ. "ನಿಮ್ಮನೇಲಿ ನಿಮ್ಮಪ್ಪ ಒಂದು ಪದ ಬರೆಯೋವರೆಗೂ ನೀವು ಕೈಯಲ್ಲಿರೋ ಕೆಲಸ ಬಿಟ್ಟು ನಿಲ್ತೀರಿ. ಅವಸರ ಮಾಡಲ್ಲ. ಒಂದು ದಿನ ಹಾಗೆ ನಿಂತಿದ್ದಾಗ ಹಾಲು ಉಕ್ಕಿ ಹೋಯ್ತು, ಆಗಲೂ ನೀವು ತಿರುಗ್ಲಿಲ್ಲ. ಅವತ್ತು ಅನ್ನಿಸ್ತು... ಹೀಗೆ ಕೇಳೋರು ನನಗೂ ಒಬ್ಬರು ಇದ್ದಿದ್ರೆ ಅಂತ." ಅವನು ತಲೆ ಎತ್ತಿದ. "ಒಬ್ಬರು ಅಲ್ಲ. ನೀವೇ. ನನಗೆ ನೀವು ಅಂದ್ರೆ ತುಂಬಾ ಇಷ್ಟ. ಪದ್ಯ ಗಿದ್ಯ ನನಗೆ ಬರಲ್ಲ, ಇಷ್ಟೇ ಹೇಳೋಕೆ ಬರೋದು."

ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಈ ಸಲ ತಿಳಿದೇ ಇಟ್ಟಳು. ಹಾಗೆಯೇ ಬಿಟ್ಟಳು.

"ಕೆಲಸ ಮುಗೀತಲ್ಲ," ಎಂದ ಅವನು ದನಿ ತಗ್ಗಿಸಿ. "ಇನ್ನು ಏನು ನೆಪ ಹೇಳ್ಕೊಂಡು ಬರ್ಲಿ?"

"ನೆಪ ಯಾಕೆ?" ಅವಳು ಅಳುವಿನ ನಡುವೆ ನಕ್ಕಳು. "ಬೆಳಗ್ಗೆ ಅಪ್ಪ ಕೇಳೋಕೆ ಕೂರೋ ಹೊತ್ತಿಗೆ ಬನ್ನಿ."

"ಬಂದು?"

"ಬಂದು ಕೂತ್ಕೊಳ್ಳಿ. ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿರ್ತೀನಿ."